ಹಳೆಯ ಕಂಠ, ಹೊಸ ಪಕ್ಕವಾದ್ಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬ್ರಿಟನ್ನಿನ ರಾಕ್ ತಂಡ ಲೆಡ್ ಜೆಪ್ಲಿನ್‌ನ ಗಾಯಕ ರಾಬರ್ಟ್ ಪ್ಲಾಂಟ್ ಆ ತಂಡ ಮುಗಿದ ಮೇಲೆ ನಾಲ್ಕು ದಶಕಗಳಿಂದ ತಮ್ಮದೇ ಹೆಸರಿನಲ್ಲಿ ಹಾಡುತ್ತಿದ್ದಾರೆ. ಕಾಲಕಾಲಕ್ಕೆ ಅವರ ಹಾಡಿಕೆ ಬದಲಾದದ್ದರ ಬಗ್ಗೆ, ಆ ನೆಪದಲ್ಲಿ ನಮ್ಮ ಆರ್ಕೆಸ್ಟ್ರಾ ವೇದಿಕೆಗಳ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಗೆ ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಲೆಡ್ ಜೆಪ್ಲಿನ್ ಕೇಳಿ ಹುಚ್ಚು ಹಿಡಿದು ಪ್ಲಾಂಟ್ ಅವರ ಒಂಟಿ ಆಲ್ಬಮ್‌ಗಳಿಗೆ ಕೈಹಾಕಿದೆ. 1985ರದ್ದು ಒಂದು, 2007ರದ್ದು ಒಂದು. ಎರಡೂ ಒಬ್ಬರದೇ ಎಂದು ನಂಬುವುದು ಕಷ್ಟವಾಯಿತು. ಗಾಳಿ ಬಂದ ಕಡೆ ತೂರಿಕೊಂಡರು ಎನ್ನಬೇಕೇ? ಯಾವ ಕ್ರಮದಲ್ಲಿ ಕೇಳಿದರೆ ತಿಳಿಯುತ್ತದೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಗಾಳಿ ಬಂದಾಗ ತೂರಿಕೊಂಡದ್ದೂ ಉಂಟು, ಗಾಳಿಗೆ ಎದುರಾಗಿ ನಡೆದದ್ದೂ ಉಂಟು. ಎರಡನ್ನೂ ಬೇರ್ಪಡಿಸಿ ಕೇಳಬೇಕು. ಅದಕ್ಕೊಂದು ಉಪಾಯವಿದೆ: ಮೊದಲು ಡ್ರಮ್ಸ್ ಮಾತ್ರ ಕೇಳಿ. ಹೊಸ ಟ್ರೆಂಡ್ ಯಾವಾಗಲೂ ಮೊದಲು ತಾಳದೊಳಗೆ ನುಗ್ಗುತ್ತದೆ, ಆಮೇಲೆ ಕೀಬೋರ್ಡಿಗೆ ಬರುತ್ತದೆ, ಆಮೇಲೆ ಗಿಟಾರಿಗೆ. ಕಂಠದ ಬಾಗಿಲು ತಟ್ಟುವುದು ಕೊನೆಗೆ.

1980ರ ಸೆಪ್ಟೆಂಬರ್ 25ರಂದು ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡರು. ಆ ಡಿಸೆಂಬರಿನಲ್ಲಿ ಉಳಿದ ಮೂವರು ತಂಡವನ್ನೇ ಮುಗಿಸಿದರು. ಪ್ಲಾಂಟ್‌ಗೆ ಆಗ 32 ವರ್ಷ. 1982ರಲ್ಲಿ ‘ಪಿಕ್ಚರ್ಸ್ ಅಟ್ ಇಲೆವೆನ್’, 1983ರಲ್ಲಿ ‘ದ ಪ್ರಿನ್ಸಿಪಲ್ ಆಫ್ ಮೊಮೆಂಟ್ಸ್’ ಬಂದವು. ಎರಡರಲ್ಲೂ ಹೆಚ್ಚಿನ ಹಾಡುಗಳಿಗೆ ಡ್ರಮ್ಸ್ ನುಡಿಸಿದವರು ಫಿಲ್ ಕಾಲಿನ್ಸ್. ಇಲ್ಲಿ ಗಿಟಾರ್ ಇನ್ನೂ ಮುಂದಿದೆ, ಆದರೆ ಪ್ಲಾಂಟ್ ಅವರ ಹಳೆಯ ಚೀರುವ ದನಿ ಕಡಿಮೆಯಾಗಿ ಸಾಲುಗಳ ನಡುವೆ ಮೌನ ಹೆಚ್ಚಾಗಿದೆ.

1984ರ ಕೊನೆಗೆ ಒಂದು ತಿರುವು. ‘ಹನಿಡ್ರಿಪ್ಪರ್ಸ್’ ಎಂಬ ಹೆಸರಿನಲ್ಲಿ ಐದು ಹಳೆಯ ಹಾಡುಗಳ ಒಂದು ಕಿರು ದಾಖಲೆ ತಂದರು. ಅದರ ‘ಸೀ ಆಫ್ ಲವ್’ 1985ರ ಆರಂಭದಲ್ಲಿ ಅಮೆರಿಕದ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. ಹಳೆಯ ಶೈಲಿ ಗೆದ್ದಿತು, ಅದನ್ನೇ ಹಿಡಿದು ಕೂರಬಹುದಿತ್ತು. ಅವರು ಅದೇ ವರ್ಷ ‘ಶೇಕನ್ ಆ್ಯಂಡ್ ಸ್ಟರ್ಡ್’ನಲ್ಲಿ ಸಿಂಥಸೈಜರ್ ಮತ್ತು ಎಲೆಕ್ಟ್ರಾನಿಕ್ ಸದ್ದಿನ ಕಡೆಗೆ ಹೊರಟರು. ನೀವು ಕೇಳಿದ್ದು ಇದನ್ನೇ. ನಮ್ಮ ಅಭಿಪ್ರಾಯದಲ್ಲಿ ಟ್ರೆಂಡಿಗೆ ಕಂಠವನ್ನೂ ಒಪ್ಪಿಸಿದ ಆಲ್ಬಮ್ ಇದೊಂದೇ. ಸಾಲುಗಳು ತುಂಡು ತುಂಡಾಗಿ ತಾಳದ ಚೌಕದೊಳಗೆ ಕೂತಿವೆ. ಉಸಿರು ಎಳೆದು ಪದವನ್ನು ತಾಳದ ಆಚೆಗೆ ಜಾರಿಸುವ ಅವರ ಅಭ್ಯಾಸಕ್ಕೆ ಅಲ್ಲಿ ಜಾಗವೇ ಸಿಕ್ಕಿಲ್ಲ.

1988ರ ‘ನೌ ಆ್ಯಂಡ್ ಜೆನ್’ ಹೊತ್ತಿಗೆ ಲೋಕ ಇನ್ನೊಂದು ದಾರಿ ಹಿಡಿದಿತ್ತು. 1986ರಲ್ಲಿ ಬೀಸ್ಟೀ ಬಾಯ್ಸ್ ಎಂಬ ರ‍್ಯಾಪ್ ತಂಡ ಲೆಡ್ ಜೆಪ್ಲಿನ್ ಹಾಡುಗಳ ತುಣುಕು ಕತ್ತರಿಸಿ ತಮ್ಮ ಹಾಡಿಗೆ ಅಂಟಿಸಿಕೊಂಡಿತ್ತು. ಪ್ಲಾಂಟ್ ತಾವೇ ‘ಟಾಲ್ ಕೂಲ್ ಒನ್’ ಹಾಡಿನಲ್ಲಿ ತಮ್ಮ ಹಳೆಯ ತಂಡದ ತುಣುಕುಗಳನ್ನು ಸ್ಯಾಂಪಲ್ ಮಾಡಿದರು, ಅದೇ ಹಾಡಿಗೆ ಆ ತಂಡದ ಗಿಟಾರ್ ವಾದಕ, ಹಳೆಯ ಗೆಳೆಯ ಜಿಮ್ಮಿ ಪೇಜ್ ಅವರಿಂದ ಗಿಟಾರನ್ನೂ ನುಡಿಸಿದರು. ಟ್ರೆಂಡ್ ಬಳಸಿಕೊಂಡೇ ತಮ್ಮ ಆಸ್ತಿ ಮರಳಿ ಪಡೆದ ಕೆಲಸ ಅದು. 1993ರ ‘ಫೇಟ್ ಆಫ್ ನೇಷನ್ಸ್’ನಲ್ಲಿ ಮರದ ಗಿಟಾರು, ಪಿಟೀಲು ಮುಂದೆ ಬಂದವು. 1994ರಲ್ಲಿ ಎಂಟಿವಿಯ ‘ಅನ್‌ಪ್ಲಗ್ಡ್’ ಅಲೆಯ ನಡುವೆ ಪೇಜ್ ಜೊತೆ ಕೂತು ಹಳೆಯ ಹಾಡುಗಳನ್ನು ಈಜಿಪ್ಟಿನ ವಾದಕರೊಡನೆ ಕಟ್ಟಿದರು, ಮೊರಾಕ್ಕೊಗೆ ಹೋಗಿ ಅಲ್ಲಿನವರೊಡನೆ ನುಡಿಸಿದರು. 2003ರ ಜನವರಿಯಲ್ಲಿ ಮಾಲಿ ದೇಶದ ಮರುಭೂಮಿ ಸಂಗೀತೋತ್ಸವದಲ್ಲಿ ಹಾಡಿದರು. ಆ ಮರಳಿನ ತಾಳ 2005ರ ‘ಮೈಟಿ ರಿಅರೇಂಜರ್’ನಲ್ಲಿ ಕೇಳುತ್ತದೆ. 2007ರಲ್ಲಿ ಅಮೆರಿಕದ ಬ್ಲೂಗ್ರಾಸ್ ಗಾಯಕಿ ಆ್ಯಲಿಸನ್ ಕ್ರೌಸ್ ಜೊತೆ ‘ರೈಸಿಂಗ್ ಸ್ಯಾಂಡ್’. ಅದಕ್ಕೆ 2009ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಬಂತು.

1983, 1985, 1988, 1993, 2005, 2007 – ಈ ಆರನ್ನು ಈ ಕ್ರಮದಲ್ಲೇ ಕೇಳಿ, ಪ್ರತಿಯೊಂದರಿಂದ ಎರಡೇ ಹಾಡು ಸಾಕು. ಮೊದಲ ಸಲ ಸ್ನೇರ್ ಡ್ರಮ್ಮಿನ (‘ಚಟ್’ ಎನ್ನುವ ಡ್ರಮ್) ಬಾಲ, ಎಂದರೆ ಪೆಟ್ಟಿನ ನಂತರ ಉಳಿಯುವ ಸದ್ದು, ಎಷ್ಟು ಉದ್ದ ಎಂದು ಗಮನಿಸಿ. ಎರಡನೇ ಸಲ ಅವರು ಎಲ್ಲಿ ಉಸಿರು ತೆಗೆಯುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಹೊಸ ದಾಖಲೆಗಳು ಜೋರಾಗಿ ಮುದ್ರಣವಾಗಿರುವುದರಿಂದ ವಾಲ್ಯೂಮ್ ಸರಿಸಮ ಮಾಡಿಕೊಂಡೇ ಹೋಲಿಸಿ, ಇಲ್ಲದಿದ್ದರೆ ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ.

ಪ್ರಶ್ನೆ: ಮನೆಯಲ್ಲೇ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಮಾಡುತ್ತೇನೆ. ಎಂಬತ್ತರ ದಶಕದ ಆ ‘ಧಪ್’ ಎಂದು ಉಬ್ಬಿ ಥಟ್ಟನೆ ನಿಲ್ಲುವ ಡ್ರಮ್ಸ್ ಸದ್ದು ಎಷ್ಟು ರಿವರ್ಬ್ (ಕೋಣೆಯ ಅನುರಣನ) ಹಾಕಿದರೂ ಬರುತ್ತಿಲ್ಲ, ಬರೀ ಗುಹೆಯ ಹಾಗೆ ಆಗುತ್ತದೆ.
– ಹರಿಹರ

ಉತ್ತರ: ರಿವರ್ಬ್ ಹಾಕಿದ್ದೀರಿ, ಅದನ್ನು ಕತ್ತರಿಸಿಲ್ಲ. ಆ ಸದ್ದಿನ ಹೆಸರೇ ಗೇಟೆಡ್ ರಿವರ್ಬ್. 1979ರಲ್ಲಿ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಅವರ ಮೂರನೇ ಆಲ್ಬಮ್ ನಡೆಯುವಾಗ ಎಂಜಿನಿಯರ್ ಹ್ಯೂ ಪ್ಯಾಡ್‌ಗಮ್ ಇದನ್ನು ಕಂಡುಕೊಂಡರು. ವಾದಕರ ಮಾತು ಕೇಳಿಸಿಕೊಳ್ಳಲು ಕೋಣೆಯಲ್ಲಿ ತೂಗುಹಾಕಿದ್ದ ಮೈಕಿಗೆ ವಿಪರೀತ ಕಂಪ್ರೆಸರ್ (ಜೋರು, ಮೆಲ್ಲಗಿನ ಸದ್ದುಗಳ ಅಂತರ ಕುಗ್ಗಿಸುವ ಸಾಧನ) ಇತ್ತು. ಅದರೊಳಗಿಂದ ಫಿಲ್ ಕಾಲಿನ್ಸ್ ಡ್ರಮ್ಸ್ ಉಬ್ಬಿ ಬಂತು. ಆ ಉಬ್ಬನ್ನು ನಾಯ್ಸ್ ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಇಳಿದರೆ ತಡೆಯುವ ಸಾಧನ) ಥಟ್ಟನೆ ಮುಚ್ಚಿತು.

ನಿಮ್ಮ ಕಂಪ್ಯೂಟರಿನಲ್ಲಿ ಮಾಡುವುದು ಹೀಗೆ. ಸ್ನೇರ್ ಟ್ರ್ಯಾಕಿನಿಂದ ಬೇರೊಂದು ಟ್ರ್ಯಾಕಿಗೆ ಸೆಂಡ್ ಕೊಡಿ. ಅಲ್ಲಿ ಮೊದಲು ದೊಡ್ಡ ಕೋಣೆಯ ರಿವರ್ಬ್: ಅವಧಿ 2 ಸೆಕೆಂಡ್, ಪ್ರೀಡಿಲೇ ಸೊನ್ನೆ, ಒಣ ಸದ್ದು ಪೂರ್ತಿ ಬಂದ್. ಅದರ ಕೆಳಗೆ ಕಂಪ್ರೆಸರ್, 8ಕ್ಕೆ 1. ಅದರ ಕೆಳಗೆ ಗೇಟ್. ಈ ಅನುಕ್ರಮ ತಪ್ಪಬಾರದು. ಗೇಟನ್ನು ಕಂಪ್ರೆಸರಿನ ಮೇಲಿಟ್ಟರೆ ಮುಚ್ಚಿದ ಬಾಲವನ್ನು ಕಂಪ್ರೆಸರ್ ಮತ್ತೆ ಎತ್ತಿ ಹಿಡಿಯುತ್ತದೆ. ಹೆಚ್ಚಿನವರು ಎಡವುವುದು ಗೇಟಿನ ಸೈಡ್‌ಚೈನ್‌ನಲ್ಲಿ (ಗೇಟ್ ಯಾವ ಸದ್ದಿಗೆ ತೆರೆಯಬೇಕೆಂದು ಹೇಳುವ ದಾರಿ): ಗೇಟ್ ತೆರೆಯಬೇಕಾದದ್ದು ರಿವರ್ಬ್ ಸದ್ದಿಗಲ್ಲ, ಮೂಲ ಸ್ನೇರ್ ಪೆಟ್ಟಿಗೆ. ಇಲ್ಲದಿದ್ದರೆ ಬಾಲ ಸಣ್ಣದಾದಂತೆ ಗೇಟ್ ತಡವರಿಸುತ್ತದೆ, ಹೈಹ್ಯಾಟ್ ಸೋರಿದರೂ ಬಾಯಿ ತೆರೆಯುತ್ತದೆ.

ಎಷ್ಟು ಹೊತ್ತು ತೆರೆದಿರಬೇಕು ಎಂಬುದಕ್ಕೆ ಲೆಕ್ಕವಿದೆ. 60,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಎಣಿಕೆ) ಭಾಗಿಸಿ. 112 ಬಿಪಿಎಂ ಆದರೆ ಒಂದು ಎಣಿಕೆಗೆ ಸುಮಾರು 536 ಮಿಲಿಸೆಕೆಂಡ್, ಅರ್ಧಕ್ಕೆ 268. ಹೋಲ್ಡ್ (ಗೇಟ್ ತೆರೆದಿರುವ ಹೊತ್ತು) ಮತ್ತು ರಿಲೀಸ್ (ಮುಚ್ಚಿಕೊಳ್ಳಲು ಹಿಡಿಯುವ ಹೊತ್ತು) ಎರಡೂ ಸೇರಿ ಆ 268ರ ಒಳಗೇ ಮುಗಿಯಬೇಕು. ಹೋಲ್ಡ್ 180, ರಿಲೀಸ್ 40 ಇಟ್ಟು ಕೇಳಿ. ರಿಲೀಸ್ ಸೊನ್ನೆಗೆ ಇಳಿಸಿದರೆ ಪ್ರತಿ ಪೆಟ್ಟಿಗೂ ‘ಟಿಕ್’ ಎನ್ನುತ್ತದೆ. ಗಾಯಕರ ಧ್ವನಿಯನ್ನು ಮಾತ್ರ ಈ ಟ್ರ್ಯಾಕಿಗೆ ಕಳಿಸಬೇಡಿ.

ಇದಕ್ಕೆ ವಿರುದ್ಧವಾದ ಸದ್ದೂ ತಿಳಿದಿರಲಿ. ಬಾನಮ್ 1971ರಲ್ಲಿ ಪ್ರಕಟವಾದ ‘ವೆನ್ ದ ಲೆವೀ ಬ್ರೇಕ್ಸ್’ ಹಾಡಿಗೆ ಹಳೆಯ ಬಂಗಲೆಯೊಂದರ ಮೆಟ್ಟಿಲ ಬುಡದ ಹಜಾರದಲ್ಲಿ ಕೂತು ನುಡಿಸಿದರು, ಎಂಜಿನಿಯರ್ ಎರಡೇ ಮೈಕನ್ನು ಮೇಲಿನ ಮಹಡಿಯಿಂದ ಇಳಿಬಿಟ್ಟಿದ್ದರು. ಗೇಟೂ ಇಲ್ಲ, ಕತ್ತರಿಯೂ ಇಲ್ಲ. ಚಿತ್ರದುರ್ಗದ ಕಡೆ ದಪ್ಪ ಕಲ್ಲುಗೋಡೆಯ, ಎತ್ತರದ ಮಾಳಿಗೆಯ ಮನೆಗಳು ಇನ್ನೂ ಇವೆ. ಅಂಥ ಮನೆಯ ಮೆಟ್ಟಿಲ ಬಳಿ ಡ್ರಮ್ಸ್ ಇಟ್ಟು ಎರಡು ಮೈಕನ್ನು ಮೇಲಿಟ್ಟು ನೋಡಿ. ಯಾವ ಪ್ಲಗಿನ್ನೂ ಆ ಸದ್ದು ಕೊಡದು.

ಪ್ರಶ್ನೆ: ನನಗೆ 54 ವರ್ಷ. ಮೂವತ್ತು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೇನೆ. ಗಣಪತಿ ಹಬ್ಬದ ಕಾರ್ಯಕ್ರಮಗಳಲ್ಲಿ ಹಳೆಯ ಶ್ರುತಿಯಲ್ಲೇ ಹಾಡಿದರೆ ಎರಡನೇ ಗಂಟೆಗೆ ಗಂಟಲು ಕಟ್ಟುತ್ತದೆ. ಇಳಿಸಿ ಹಾಡಿದರೆ ಹಾಡು ಸತ್ತಂತೆ ಇರುತ್ತದೆ, ಜನ ಎದ್ದು ಹೋಗುತ್ತಾರೆ. ಪ್ಲಾಂಟ್ ಅವರಂಥವರು ಇದನ್ನು ಹೇಗೆ ನಿಭಾಯಿಸುತ್ತಾರೆ?
– ಚಿತ್ರದುರ್ಗ

ಉತ್ತರ: ಅವರೂ ಶ್ರುತಿ ಇಳಿಸುತ್ತಾರೆ. 2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಲೆಡ್ ಜೆಪ್ಲಿನ್ ಒಂದು ರಾತ್ರಿಗೆ ಮತ್ತೆ ಸೇರಿದಾಗ ಹಲವು ಹಾಡುಗಳನ್ನು ಮೂಲಕ್ಕಿಂತ ಕೆಳಗಿನ ಶ್ರುತಿಯಲ್ಲಿ ನುಡಿಸಿದರು. ಇಳಿಸುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಇಳಿಸಿದ ಮೇಲೆ ಪಕ್ಕವಾದ್ಯವನ್ನು ಹಾಗೇ ಬಿಡುವುದರಿಂದಲೇ ಹಾಡು ಸಾಯುತ್ತದೆ. ನಿಮ್ಮ ತೊಂದರೆಯ ಬೇರು ಅಲ್ಲಿದೆ.

ಮೊದಲು ಎಷ್ಟು ಇಳಿಸಬೇಕು ಎಂದು ಗೊತ್ತುಮಾಡಿ. ಬೆಳಿಗ್ಗೆ ತಾಜಾ ಗಂಟಲಲ್ಲಿ ಪರೀಕ್ಷೆ ಮಾಡಬೇಡಿ. ನಲವತ್ತು ನಿಮಿಷ ಹಾಡಿದ ಮೇಲೆ, ಫೋನಿನ ಟ್ಯೂನರ್ ಆ್ಯಪ್ ಎದುರಿಟ್ಟುಕೊಂಡು, ಕತ್ತಿನ ನರ ಉಬ್ಬದೆ ಸತತ ಐದು ಸಲ ಹಿಡಿದು ನಿಲ್ಲಿಸಬಲ್ಲ ಮೇಲಿನ ಸ್ವರ ಯಾವುದು ನೋಡಿ. ಅದಕ್ಕಿಂತ ಎರಡು ಕಟ್ಟೆ ಕೆಳಗಿನದ್ದೇ ನಿಮ್ಮ ಕಾರ್ಯಕ್ರಮದ ಮೇಲ್ಮಿತಿ. ಕಟ್ಟೆ ಎಂದರೆ ಇಲ್ಲಿ ಹಾರ್ಮೋನಿಯಮ್ಮಿನ ಬಿಳಿ-ಕಪ್ಪು ಸೇರಿ ಎಣಿಸಿದ ಒಂದೊಂದು ಮನೆ. ಹಾಡಿನ ಅತಿ ಎತ್ತರದ ಸ್ವರ ಆ ಮಿತಿಗೆ ಬರುವಷ್ಟು ಇಳಿಸಿ. ಎರಡು, ಮೂರು ಕಟ್ಟೆಗೆ ಮುಗಿದರೆ ಸುಲಭ. ನಾಲ್ಕು ದಾಟಿದರೆ ಪಲ್ಲವಿಯ ತಗ್ಗಿನ ಸ್ವರಗಳು ಮೈಕಿಗೆ ಸಿಗದೆ ಕರಗಿಹೋಗುತ್ತವೆ. ಆಗ ಪೂರ್ತಿ ಇಳಿಸುವ ಬದಲು ಚರಣದ ತುದಿಯ ಒಂದು ಸಂಗತಿಯನ್ನು ಬದಲಿಸಿ ಕೆಳಗಿನ ಸ್ವರದಲ್ಲೇ ತಿರುಗಿಸಿಕೊಳ್ಳಿ. ಪ್ಲಾಂಟ್ ವೇದಿಕೆಯಲ್ಲಿ ಹಳೆಯ ಹಾಡುಗಳ ಎತ್ತರದ ಸಾಲುಗಳನ್ನು ಹೀಗೆಯೇ ಬೇರೆ ದಾರಿಯಲ್ಲಿ ಸುತ್ತಿಸಿ ತರುತ್ತಾರೆ.

ಇನ್ನು ವಾದ್ಯಗಳು. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಎರಡು ಇಳಿಸುತ್ತಾರೆ, ಅವರ ಕೆಲಸ ಮುಗಿಯಿತು. ಬೇಸ್ ಗಿಟಾರಿನ ನಾಲ್ಕು ತಂತಿಯಲ್ಲಿ ಅತಿ ಕೆಳಗಿನದ್ದು ‘ಇ’. ‘ಇ’ ಶ್ರುತಿಯ ಹಾಡು ‘ಡಿ’ಗೆ ಇಳಿದರೆ ಆ ತಗ್ಗಿನ ಸ್ವರವೇ ಅವರ ಬಳಿ ಇಲ್ಲ, ಒಂದು ಸ್ಥಾಯಿ ಮೇಲೆ ನುಡಿಸುತ್ತಾರೆ, ಹಾಡಿನ ಬುಡವೇ ಕಳಚುತ್ತದೆ. ಐದು ತಂತಿಯ ಬೇಸ್ ತರಿಸಿ, ಇಲ್ಲವೇ ಕೆಳಗಿನ ತಂತಿಯನ್ನು ‘ಡಿ’ಗೆ ಸಡಿಲಿಸಿಕೊಳ್ಳಲು ಹೇಳಿ. ಗಿಟಾರನ್ನೂ ಎರಡು ಕಟ್ಟೆ ಸಡಿಲಿಸಿದರೆ ತೆಳ್ಳನೆಯ ತಂತಿ ಫ್ರೆಟ್ಟಿಗೆ ಬಡಿದು ಗುಂಯ್‌ಗುಡುತ್ತದೆ. 9ರ ದಪ್ಪದ ತಂತಿ ಸೆಟ್ ಇದ್ದರೆ 10 ಅಥವಾ 11ರದ್ದು ಹಾಕಿಸಿ. ತಬಲಾ ಅಷ್ಟು ಇಳಿಯುವುದಿಲ್ಲ, ದೊಡ್ಡ ಬಾಯಿಯ ಬಲ ತಬಲಾ ಬೇರೆ ಬೇಕು. ಮೈನಸ್ ಟ್ರ್ಯಾಕ್ (ಗಾಯನವಿಲ್ಲದ, ವಾದ್ಯ ಮಾತ್ರದ ಧ್ವನಿಮುದ್ರಣ) ಹಾಕಿ ಹಾಡುವವರು ಮೂರು ಕಟ್ಟೆಗಿಂತ ಹೆಚ್ಚು ಇಳಿಸಿದರೆ ಅದರೊಳಗಿನ ಡ್ರಮ್ಸ್ ಒದ್ದೆ ಚೀಲ ಬಡಿದಂತೆ ಕೇಳುತ್ತದೆ.

ಈಗ ಹಾಡಿಗೆ ಜೀವ ತುಂಬುವ ಕೆಲಸ. ಎತ್ತರದ ಸ್ವರಕ್ಕೆ ತಾನೇ ಒಂದು ಆವೇಶ ಇತ್ತು. ಅದನ್ನು ತೆಗೆದ ಮೇಲೆ ಆ ಆವೇಶವನ್ನು ತಾಳ ಕೊಡಬೇಕು, ಆದರೆ ಜೋರಿನಿಂದಲ್ಲ. ಪ್ಲಾಂಟ್ ಅವರ 2002ರ ಈಚಿನ ಕೆಲಸ ಕೇಳಿ: ಸ್ನೇರಿನ ದೊಡ್ಡ ಪೆಟ್ಟು ಕಡಿಮೆ, ಚರ್ಮವಾದ್ಯದ ಒಳನಡೆ ಹೆಚ್ಚು, ಗಾಯಕ ತಗ್ಗಿನಲ್ಲಿ ಹಾಡುತ್ತಿದ್ದರೂ ಕೆಳಗೆ ಏನೋ ಕುದಿಯುತ್ತಿರುತ್ತದೆ. ನಿಮ್ಮ ತಂಡದಲ್ಲಿ ರಿದಮ್ ಪ್ಯಾಡಿನವರಿಗೆ ಸ್ನೇರ್ ಕಡಿಮೆ ಮಾಡಿ ಢೋಲಕ್ ಅಥವಾ ದಮಾಮಿಯ ಸದ್ದಿನಲ್ಲಿ ಎಣಿಕೆಯನ್ನು ಎರಡರಷ್ಟು ಒಡೆದು ನುಡಿಸಲು ಹೇಳಿ. ಲಯದ ವೇಗ ಹೆಚ್ಚಿಸಬೇಡಿ. ಕೀಬೋರ್ಡಿನವರ ಎಡಗೈ ಕಾರ್ಡ್ ತೆಗೆಸಿ. ನಿಮ್ಮ ಧ್ವನಿ ಕೆಳಗಿಳಿದು ಅದೇ ಜಾಗಕ್ಕೆ ಬಂದು ಕೂತಿದೆ, ಎರಡೂ ಒಂದರ ಮೇಲೊಂದು ಬಿದ್ದು ಕೆಸರಾಗುತ್ತಿವೆ. ಮಿಕ್ಸರಿನಲ್ಲಿ ಗಿಟಾರ್, ಕೀಬೋರ್ಡುಗಳ 300 ಹರ್ಟ್ಸ್ ಸುತ್ತ 3 ಡಿಬಿ ಇಳಿಸಿ, ನಿಮ್ಮ ಮೈಕಿನ ಲೋಕಟ್ (ಅತಿ ತಗ್ಗಿನ ಗುಮ್ಮೆನ್ನುವ ಸದ್ದು ತೆಗೆಯುವ) ಗುಂಡಿ ಒತ್ತಿ. ತಗ್ಗಿನ ಸಾಲಿಗೆ ಮೈಕನ್ನು ತುಟಿಗೆ ಎರಡು ಬೆರಳು ಹತ್ತಿರ ತನ್ನಿ, ಮೇಲಿನ ಸಾಲಿಗೆ ಒಂದು ಗೇಣು ದೂರ ಒಯ್ಯಿರಿ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಮಾನಿಟರ್ ಕೂಗುತ್ತದೆ.

ಕಂಪನಿ ನಾಟಕದ ಕಾಲದಲ್ಲಿ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸಬೇಕಿತ್ತು, ಅದಕ್ಕೇ ಏರುಶ್ರುತಿ. ನಮ್ಮ ಭಾಗದ ಹಾಡುಗಾರರಿಗೆ ಆ ಕಟ್ಟು ರಕ್ತದಲ್ಲಿ ಬಂದಿದೆ. ಮೈಕ್ ಇರುವಾಗ ಅದರ ಅಗತ್ಯವಿಲ್ಲ.

ಗಂಟಲಿನ ವಿಷಯ: ವೇದಿಕೆಗೆ ಮುನ್ನ ಒಂದು ಲೋಟ ನೀರಿನಲ್ಲಿ ಸ್ಟ್ರಾವನ್ನು ಎರಡು ಸೆಂಟಿಮೀಟರ್ ಮುಳುಗಿಸಿ, ‘ಊ’ ಎಂದು ಗುಳ್ಳೆ ಬರಿಸುತ್ತ ಕೆಳಗಿನಿಂದ ಮೇಲಕ್ಕೆ ಐದು ನಿಮಿಷ ಜಾರಿಸಿ. ಕಾರ್ಯಕ್ರಮಕ್ಕೆ ಮೂರು ಗಂಟೆ ಮೊದಲಿನಿಂದ ಮಂಡಕ್ಕಿ, ಮೆಣಸಿನಕಾಯಿ ಬೇಡ. ಹುಳಿತೇಗು ಮೇಲೆ ಬಂದು ಧ್ವನಿತಂತುಗಳನ್ನೇ ಸುಡುತ್ತದೆ. ಗಂಟಲು ಕಟ್ಟಿದಾಗ ಪಿಸುಮಾತು ಆಡಬೇಡಿ, ಸುಮ್ಮನಿರಿ. ಧ್ವನಿ ಒಡಕು ಮೂರು ವಾರ ದಾಟಿದರೆ ಇಎನ್‌ಟಿ ವೈದ್ಯರಿಗೆ ತೋರಿಸಲೇಬೇಕು.

ಪ್ರಶ್ನೆ: ಪ್ಲಾಂಟ್ ನಮ್ಮ ದೇಶದ ವಾದಕರೊಡನೆ ಹಾಡಿದ್ದಾರೆಯೇ?
– ಹೊಳಲ್ಕೆರೆ

ಉತ್ತರ: ಹೌದು. 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಬೊಂಬಾಯಿಯ ಸ್ಟುಡಿಯೊದಲ್ಲಿ ಅಲ್ಲಿನ ವಾದಕರೊಡನೆ ‘ಫ್ರೆಂಡ್ಸ್’, ‘ಫೋರ್ ಸ್ಟಿಕ್ಸ್’ ಎಂಬ ತಮ್ಮ ಎರಡು ಹಾಡುಗಳನ್ನು ದಾಖಲಿಸಿದರು. ಅಧಿಕೃತವಾಗಿ ಅವು ಹೊರಬಂದದ್ದು 2015ರಲ್ಲಿ. 1994ರ ‘ನೋ ಕ್ವಾರ್ಟರ್’ನಲ್ಲಿ ಭಾರತೀಯ ಮೂಲದ ಗಾಯಕಿ ನಜ್ಮಾ ಅಖ್ತರ್ ಅವರೊಡನೆ ಹಾಡಿದ್ದಾರೆ. ಹೊರದೇಶದ ತಾಳಗಳ ಕಡೆಗಿನ ಅವರ ಒಲವು ‘ವಿಶ್ವಸಂಗೀತ’ ಎಂಬ ಮಾರುಕಟ್ಟೆ ಹುಟ್ಟುವುದಕ್ಕೂ ಹಿಂದಿನದು ಎನ್ನಲು ಆ ಬೊಂಬಾಯಿ ಮುದ್ರಣವೇ ಸಾಕ್ಷಿ.

ಪ್ರಶ್ನೆ: ಶಾಲೆಯಲ್ಲಿ ಸಂಗೀತ ಕಲಿಸುತ್ತೇನೆ. ‘ರೈಸಿಂಗ್ ಸ್ಯಾಂಡ್’ನಲ್ಲಿ ಇಬ್ಬರೂ ಬೇರೆ ಬೇರೆ ಸ್ವರ ಹಿಡಿದು ಒಟ್ಟಿಗೆ ಹಾಡುತ್ತಾರಲ್ಲ, ಅದನ್ನು ನಮ್ಮ ಜಾನಪದ ಗೀತೆಗಳಿಗೆ ಮಕ್ಕಳಿಂದ ಮಾಡಿಸಬಹುದೇ? ಪ್ರಯತ್ನಿಸಿದೆ, ಅಪಶ್ರುತಿ ಎನಿಸಿತು.
– ಹಿರಿಯೂರು

ಉತ್ತರ: ಖಂಡಿತ ಮಾಡಿಸಬಹುದು. ಪ್ಲಾಂಟ್ ಅವರಿಗೂ ಅದು ಹೊಸ ವಿದ್ಯೆಯೇ ಆಗಿತ್ತು. ಅಷ್ಟು ವರ್ಷ ಒಬ್ಬರೇ ಮುಂದೆ ನಿಂತು ಮನಸ್ಸಿಗೆ ಬಂದಂತೆ ಸಾಲು ಎಳೆದವರು, ಇಲ್ಲಿ ಇನ್ನೊಬ್ಬರ ಉಸಿರಿಗೆ ತಮ್ಮ ಉಸಿರು ಹೊಂದಿಸಬೇಕಾಯಿತು. ಅವರ ವೃತ್ತಿಯ ಅತ್ಯಂತ ದೊಡ್ಡ ಬದಲಾವಣೆ ಅದೇ ಎಂದು ನಾವು ಎಣಿಸುತ್ತೇವೆ, ಸಿಂಥಸೈಜರ್ ಅಲ್ಲ.

ನಿಮಗೆ ಅಪಶ್ರುತಿ ಎನಿಸಲು ಕಾರಣ, ಬಹುಶಃ ಎಲ್ಲ ಸ್ವರಕ್ಕೂ ಒಂದೇ ಅಂತರ ಇಟ್ಟು ಹಾಡಿಸಿದ್ದೀರಿ. ಜಾನಪದ ಮಟ್ಟು ಮೋಹನದ ಐದು ಸ್ವರಗಳಲ್ಲಿದ್ದರೆ, ಎರಡನೇ ಎಳೆಯೂ ಆ ಐದರಲ್ಲೇ ನಡೆಯಬೇಕು. ನಡುವಿನ ಒಂದು ಸ್ವರ ಬಿಟ್ಟು ಮೇಲಿನದನ್ನು ಹಿಡಿಸಿ: ಸ-ಗೆ ಗ, ರಿ-ಗೆ ಪ, ಗ-ಗೆ ದ, ಪ-ಗೆ ಮೇಲಿನ ಸ, ದ-ಗೆ ಮೇಲಿನ ರಿ. ಇದರಲ್ಲಿ ಮೊದಲ ಜೋಡಿ ಮಾತ್ರ ನಾಲ್ಕು ಕಟ್ಟೆ ಅಂತರ, ಉಳಿದ ನಾಲ್ಕೂ ಐದು ಕಟ್ಟೆ. ಅಳತೆ ಹೀಗೆ ಹಿಗ್ಗಿ ಕುಗ್ಗುವುದರಿಂದಲೇ ರಾಗ ಕೆಡುವುದಿಲ್ಲ. ಎಲ್ಲಕ್ಕೂ ನಾಲ್ಕೇ ಕಟ್ಟೆ ಇಟ್ಟರೆ ರಿ-ಯ ಮೇಲೆ ಪ್ರತಿ ಮಧ್ಯಮ ಬಂದು ಕಿವಿಗೆ ಚುಚ್ಚುತ್ತದೆ.

ಕಲಿಸುವಾಗ ಮೊದಲ ವಾರ ಇಡೀ ಹಾಡಿಗೆ ಎರಡು ಎಳೆ ಬೇಡ. ಸಾಲಿನ ಕೊನೆಯ ಪದ ಮಾತ್ರ ಎರಡಾಗಲಿ. ಎರಡನೇ ಎಳೆಯವರಿಗೆ ಗಮಕ ಕೊಡಬೇಡಿ, ಸ್ವರ ನೇರವಾಗಿ ನಿಲ್ಲಲಿ. ಇಬ್ಬರೂ ಗಮಕ ಹಾಕಿದರೆ ಓಲಾಟ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆ. ಇಂಗ್ಲಿಷ್ ಪದಗಳು ವ್ಯಂಜನದಲ್ಲಿ ಮುಚ್ಚಿಕೊಳ್ಳುತ್ತವೆ, ಹಾಗಾಗಿ ಇಬ್ಬರೂ ಒಟ್ಟಿಗೆ ನಿಲ್ಲುವುದು ಅವರಿಗೆ ಸ್ವಲ್ಪ ಸುಲಭ. ನಮ್ಮ ಪದಗಳ ಕೊನೆಗೆ ಸ್ವರ ತೆರೆದುಕೊಂಡಿರುತ್ತದೆ, ‘ಬಾರವ್ವಾ’ ಎಂಬುದನ್ನು ಎಷ್ಟು ಹೊತ್ತಾದರೂ ಎಳೆಯಬಹುದು. ಆದ್ದರಿಂದ ಎಷ್ಟು ಮಾತ್ರೆಗೆ ನಿಲ್ಲಿಸಬೇಕು ಎಂದು ಮೊದಲೇ ಎಣಿಸಿಕೊಡಿ, ನೀವೇ ಕೈಸನ್ನೆ ಮಾಡಿ. ಮೇಲಿನ ಎಳೆ ಹಾಡುವವರ ದನಿ ಮೂಲ ಮಟ್ಟಿಗಿಂತ ಮೆಲ್ಲಗಿರಲಿ. ಮಕ್ಕಳು ಕಿವಿ ಮುಚ್ಚಿಕೊಂಡು ಹಾಡಲು ಶುರುಮಾಡಿದರೆ ಪರಸ್ಪರ ಕೇಳಿಸಿಕೊಳ್ಳುತ್ತಿಲ್ಲ ಎಂದರ್ಥ, ಆಗ ಎದುರುಬದುರು ನಿಲ್ಲಿಸಿ.

ಪ್ರಶ್ನೆ: ಹಾಡು ಒಂದೇ ಇದ್ದು ಶೈಲಿ ಮಾತ್ರ ಬದಲಾದದ್ದು ಎಲ್ಲಾದರೂ ಕೇಳಲು ಸಿಗುತ್ತದೆಯೇ? ಹೋಲಿಸಿ ನೋಡುವ ಆಸೆ.
– ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಸಿಗುತ್ತದೆ. ‘ಪ್ಲೀಸ್ ರೀಡ್ ದ ಲೆಟರ್’ ಎಂಬ ಹಾಡನ್ನು ಪ್ಲಾಂಟ್ 1998ರಲ್ಲಿ ಜಿಮ್ಮಿ ಪೇಜ್ ಜೊತೆ ‘ವಾಕಿಂಗ್ ಇಂಟು ಕ್ಲಾರ್ಕ್ಸ್‌ಡೇಲ್’ನಲ್ಲಿ ಹಾಡಿದರು. ಅದನ್ನು ಮುದ್ರಿಸಿದವರು ಸ್ಟೀವ್ ಆಲ್ಬಿನಿ. ತೊಂಬತ್ತರ ದಶಕದ ಒರಟು ಗಿಟಾರ್ ಸದ್ದಿಗೆ ಹೆಸರಾದ ಎಂಜಿನಿಯರ್ ಅವರು. ಅದೇ ಹಾಡನ್ನು ‘ರೈಸಿಂಗ್ ಸ್ಯಾಂಡ್’ಗಾಗಿ ಕ್ರೌಸ್ ಜೊತೆ ಮತ್ತೆ ಹಾಡಿದರು, ನಿರ್ಮಾಪಕರು ಟಿ ಬೋನ್ ಬರ್ನೆಟ್. 2009ರಲ್ಲಿ ವರ್ಷದ ರೆಕಾರ್ಡ್ ಗ್ರ್ಯಾಮಿ ಬಂದದ್ದು ಈ ಎರಡನೆಯದಕ್ಕೆ.

ಎರಡನ್ನೂ ಒಂದರ ಹಿಂದೊಂದು ಹಾಕಿ. ಎರಡನೆಯದು ಮೊದಲನೆಯದಕ್ಕಿಂತ ಸುಮಾರು ಒಂದೂವರೆ ನಿಮಿಷ ಹೆಚ್ಚು ಉದ್ದ. ಹಾಗೆ ಉದ್ದವಾದದ್ದು ನಡೆ ನಿಧಾನವಾದ್ದರಿಂದ, ಸಾಲುಗಳ ನಡುವೆ ಜಾಗ ಬಿಟ್ಟದ್ದರಿಂದ. ಮೊದಲನೆಯದರಲ್ಲಿ ಮಾತು ಸೇರುವ ಹೊತ್ತಿಗೆ ಗಿಟಾರ್ ಏರುತ್ತದೆ, ಅದರ ಮೇಲೆ ಕಂಠ ಏರಬೇಕಾಗುತ್ತದೆ. ಎರಡನೆಯದರಲ್ಲಿ ಡ್ರಮ್ಸ್ ದೊಡ್ಡದೇ, ಆದರೆ ಕಡಿಮೆ ಪೆಟ್ಟು. ಕ್ರೌಸ್ ಅವರ ಪಿಟೀಲು ಗಾಯನದ ಸಂದಿನಲ್ಲಿ ಮಾತ್ರ ಬಾಯಿ ತೆರೆಯುತ್ತದೆ. ‘ಪ್ಲೀಸ್’ ಎಂಬ ಪದವನ್ನು ಎರಡೂ ಕಡೆ ಹಿಡಿದು ಕೇಳಿ: ಮೊದಲು ಒಬ್ಬರು ಕೇಳಿಕೊಳ್ಳುವ ದನಿ, ಆಮೇಲೆ ಇಬ್ಬರು ಒಟ್ಟಿಗೆ, ಅರ್ಧ ದನಿಯಲ್ಲಿ. ರಾತ್ರಿ ಊರು ಸದ್ದಡಗಿದ ಮೇಲೆ ಹೆಡ್‌ಫೋನ್ ಹಾಕಿ ಕೇಳಿದರೆ ಆ ಪದದ ಮುಂಚೆ ಅವರು ತೆಗೆದುಕೊಳ್ಳುವ ಉಸಿರೂ ಸಿಗುತ್ತದೆ.